ಗಾಳ–ದಾರ: ಕ್ರ್ಯಾಪಿ ಮೀನಿಗೆ ಕ್ರ್ಯಾಂಕ್‌ಬೈಟ್ ಎಳೆಯುವವರ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಹೆಚ್ಚಾಗಿತ್ತು: ದೋಣಿಯ ಹಿಂದೆ ಮೀನಿನಂತೆ ಕಾಣುವ ನಕಲಿ ಎರೆ, ಅಂದರೆ ಕ್ರ್ಯಾಂಕ್‌ಬೈಟ್ ಎಳೆದುಕೊಂಡು ಹೋಗಿ ಕ್ರ್ಯಾಪಿ ಹಿಡಿಯುವುದು. ಇದಕ್ಕೆ ಅಲ್ಲಿ ಟ್ರೋಲಿಂಗ್ ಎನ್ನುತ್ತಾರೆ. ಫೇಸ್‌ಬುಕ್ಕಿನ ಟ್ರೋಲಿಗೂ ಇದಕ್ಕೂ ಸಂಬಂಧವಿಲ್ಲ, ತಾಳ್ಮೆ ಮಾತ್ರ ಎರಡಕ್ಕೂ ಬೇಕು. ಮೀನನ್ನು ನೋಡದವರಿಗಾಗಿ ಒಂದು ಮಾತು: ಕ್ರ್ಯಾಪಿ ನಮ್ಮ ಜಿಲೇಬಿ ಮೀನಿನ ಹಾಗೆ ಅಗಲ, ಚಪ್ಪಟೆ. ಬೆಳ್ಳಿ ಮೈ ಮೇಲೆ ಕಪ್ಪು ಚುಕ್ಕೆ, ಬಾಯಿ ಮಾತ್ರ ಹಾಳೆಯಷ್ಟು ತೆಳು. ಬಿಳಿ ಕ್ರ್ಯಾಪಿ, ಕಪ್ಪು ಕ್ರ್ಯಾಪಿ ಎಂದು ಎರಡು ಜಾತಿ. ಬೆನ್ನಿನ ಮುಳ್ಳು ಎಣಿಸಿದರೆ ಬಿಳಿಯದರಲ್ಲಿ ಸಾಮಾನ್ಯವಾಗಿ ಆರು, ಕಪ್ಪಿನದರಲ್ಲಿ ಏಳು ಅಥವಾ ಎಂಟು.

ಪ್ರಶ್ನೆ: ನನ್ನ ಹತ್ತಿರ 16 ಅಡಿಯ ಅಲ್ಯೂಮಿನಿಯಂ ದೋಣಿ, ಮುಂಭಾಗದಲ್ಲಿ ಎಲೆಕ್ಟ್ರಿಕ್ ಮೋಟಾರು ಇವೆ. ಏಪ್ರಿಲ್‌ವರೆಗೆ ದಡದ ಪೊದೆಗಳ ಹತ್ತಿರ ಬೆಂಡು ಕಟ್ಟಿ, ಸಣ್ಣ ಜೀವಂತ ಮೀನು ಸಿಕ್ಕಿಸಿ ಕ್ರ್ಯಾಪಿ ಹಿಡಿಯುತ್ತೇನೆ. ಜೂನ್ ಬಂದರೆ ಒಂದೂ ಕಾಣುವುದಿಲ್ಲ. ಟ್ರೋಲಿಂಗ್ ಶುರು ಮಾಡಬೇಕೆಂದರೆ ಏನೇನು ಬೇಕು? (ಪ್ಲೇನೋ, ಟೆಕ್ಸಸ್)

ಉತ್ತರ: ಮೀನು ಎಲ್ಲೂ ಓಡಿಹೋಗಿಲ್ಲ. ನೀರು 60ರಿಂದ 68 ಡಿಗ್ರಿ ಫ್ಯಾರನ್‌ಹೀಟ್ ಇರುವಾಗ ಮೊಟ್ಟೆ ಇಡಲು ದಡಕ್ಕೆ ಬರುತ್ತದೆ, ಆ ಕೆಲಸ ಮುಗಿದ ಮೇಲೆ ನಡುನೀರಿಗೆ ಹೋಗಿ ಶ್ಯಾಡ್ ಎಂಬ ಸಣ್ಣ ಮೀನಿನ ಮರಿಗಳ ಹಿಂಡಿನ ಹಿಂದೆ ತಿರುಗುತ್ತದೆ. ಆಗ ಅದಕ್ಕೆ ಮನೆ ಇಲ್ಲ, ಪೊದೆ ಇಲ್ಲ. 20 ಅಡಿ ನೀರಿನಲ್ಲಿ 11 ಅಡಿಗೆ ತೇಲುತ್ತಾ ಇರುತ್ತದೆ. ಒಂದು ಜಾಗದಲ್ಲಿ ಲಂಗರು ಹಾಕಿ ಕೂತರೆ ನೀವು ಮೀನಿಗಾಗಿ ಕಾಯುತ್ತೀರಿ, ಮೀನು ನಿಮಗಾಗಿ ಕಾಯುವುದಿಲ್ಲ. ಟ್ರೋಲಿಂಗ್ ಹುಟ್ಟಿಕೊಂಡದ್ದು ಇದಕ್ಕಾಗಿಯೇ. ನೀರು 70 ದಾಟಿದ ಮೇಲೆ ಅಕ್ಟೋಬರ್‌ವರೆಗೂ ಇದು ನಡೆಯುತ್ತದೆ. 55ಕ್ಕಿಂತ ಕೆಳಗೆ ಇಳಿದಾಗ ಮೀನು ಇಷ್ಟು ವೇಗದ ಬೈಟನ್ನು ಅಟ್ಟಿಸಿಕೊಂಡು ಬರುವುದಿಲ್ಲ, ಸೀಸದ ತಲೆಯ ಸಣ್ಣ ಕೊಕ್ಕೆಯಾದ ಜಿಗ್‌ಗೆ ಮರಳಿ.

ಮೊದಲ ದಿನಕ್ಕೆ ನಾಲ್ಕು ಕೋಲು ಸಾಕು. ಎಂಟು ಬೇಡವೇ ಬೇಡ. ಬಲಕ್ಕೆ ಒಂದು 12 ಅಡಿಯದು, ಒಂದು 8 ಅಡಿಯದು, ಎಡಕ್ಕೂ ಹಾಗೆಯೇ. ಮೃದು ತುದಿಯ, ಮೀಡಿಯಂ ಲೈಟ್ ಎಂದು ಬರೆದಿರುವ ಕೋಲುಗಳು. ದೋಣಿಯ ಅಂಚಿಗೆ ಗಟ್ಟಿಯಾಗಿ ಬೋಲ್ಟ್ ಮಾಡಿದ ಹೋಲ್ಡರ್‌ಗಳಲ್ಲಿ ಕೋಲು ದೋಣಿಗೆ ಅಡ್ಡಡ್ಡವಾಗಿ, ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ ನಿಲ್ಲಬೇಕು. ಉದ್ದದ ಕೋಲು ಮುಂದಿನ ಹೋಲ್ಡರ್‌ಗೆ, ಗಿಡ್ಡದ್ದು ಹಿಂದಿನದಕ್ಕೆ. ಉದ್ದದ ಕೋಲಿನ ದಾರವೇ ಹೆಚ್ಚು ಹಿಂದಕ್ಕೆ ಹೋಗಬೇಕು. ಹೊರಗಿನದಕ್ಕೆ ಸಿಕ್ಕ ಮೀನು ಹಿಂದೆ ಸರಿದು, ಒಳಗಿನ ದಾರಗಳ ಹಿಂಬದಿಯಿಂದ ಬರುತ್ತದೆ. ಇದನ್ನು ತಿರುಗಾಮುರುಗಾ ಮಾಡಿದರೆ ಮೊದಲ ಮೀನಿಗೇ ನಾಲ್ಕೂ ದಾರ ಜಡೆ ಹೆಣೆದುಕೊಳ್ಳುತ್ತವೆ.

ರೀಲು ಲೈನ್ ಕೌಂಟರ್, ಅಂದರೆ ಎಷ್ಟು ಅಡಿ ದಾರ ಹೊರಗಿದೆ ಎಂದು ತೋರಿಸುವ ಎಣಿಕೆ, ಇರುವುದೇ ಆಗಲಿ. ದುಡ್ಡು ಉಳಿಸುವುದಿದ್ದರೆ ಕೋಲಿನಲ್ಲಿ ಉಳಿಸಿ, ಇದರಲ್ಲಿ ಬೇಡ. ದಾರ 10 ಪೌಂಡ್ ತೂಕ ತಡೆಯುವ ಮಾನೋಫಿಲಮೆಂಟ್ (ಒಂಟಿ ಎಳೆಯ ನೈಲಾನ್), ನಾಲ್ಕರಲ್ಲೂ ಒಂದೇ ಬ್ರ್ಯಾಂಡ್, ಒಂದೇ ದಪ್ಪ. ಬ್ರೇಡ್ (ಹೆಣೆದ ದಾರ) ತೆಳ್ಳಗಿರುವುದರಿಂದ ಬೈಟು ಇನ್ನೂ ಆಳಕ್ಕೆ ಹೋಗುತ್ತದೆ ನಿಜ, ಆದರೆ ಅದು ಹಿಗ್ಗುವುದಿಲ್ಲ. ಆ ತೆಳು ಬಾಯಿಗೆ ಹಿಗ್ಗುವ ದಾರವೇ ಅರ್ಧ ರಕ್ಷಣೆ.

ಬೈಟು: ಎರಡು ಇಂಚಿನ ಆಸುಪಾಸಿನ, ತೇಲುವ, ಮೂತಿಗೆ ಪ್ಲಾಸ್ಟಿಕ್ ತುಟಿ ಇರುವ ಕ್ರ್ಯಾಂಕ್‌ಬೈಟ್. ಎಳೆದಾಗ ಆ ತುಟಿಗೆ ನೀರು ಬಡಿದು ಬೈಟು ತಲೆ ಕೆಳಗೆ ಮಾಡಿ ಮುಳುಗುತ್ತದೆ, ನಿಲ್ಲಿಸಿದರೆ ಮೇಲೇಳುತ್ತದೆ. ಕ್ರ್ಯಾಪಿ ಹಿಡಿಯುವವರ ನಡುವೆ ಬ್ಯಾಂಡಿಟ್ 300 ಹೆಸರಾದದ್ದು. ಮಿಸ್ಸಿಸ್ಸಿಪ್ಪಿಯ ಸಾರ್ಡಿಸ್ ಊರಲ್ಲಿ ಹುಟ್ಟಿದ ಬೈಟು ಅದು, ಆ ಊರಿನ ಜಲಾಶಯ ಕ್ರ್ಯಾಪಿಗೆ ಪ್ರಸಿದ್ಧ. 10 ಪೌಂಡ್ ಮಾನೋದಲ್ಲಿ 100 ಅಡಿ ಹಿಂದಕ್ಕೆ ಬಿಟ್ಟರೆ ಅದು ಸುಮಾರು 12 ಅಡಿ ಆಳದಲ್ಲಿ ಓಡುತ್ತದೆ. ಅದರ ತಮ್ಮ ಬ್ಯಾಂಡಿಟ್ 200 ಅದಕ್ಕಿಂತ ಮೂರ್ನಾಲ್ಕು ಅಡಿ ಮೇಲೆ ಓಡುತ್ತದೆ. ಎರಡೆರಡು ಕೊಂಡರೆ ಶುರು ಮಾಡಲು ಸಾಕು. ದಾರಕ್ಕೆ ಸಣ್ಣ ಸ್ನ್ಯಾಪ್ (ತಂತಿಯ ಕ್ಲಿಪ್ಪು) ಸಿಕ್ಕಿಸಿ, ತಿರುಗಣೆ ಇರುವ ಸ್ವಿವೆಲ್ ಬೇಡ. ಅದರ ಭಾರಕ್ಕೆ ಬೈಟಿನ ಅಲುಗಾಟ ಸತ್ತುಹೋಗುತ್ತದೆ.

ಜಾಗದ ಆಯ್ಕೆ ಮುಖ್ಯ. ನಿಮಗೆ ಹತ್ತಿರದ ಲೇಕ್ ಫೋರ್ಕ್‌ನಲ್ಲಿ ಕ್ರ್ಯಾಪಿ ದಂಡಿಯಾಗಿದೆ, ಆದರೆ ನೀರಿನೊಳಗೆ ಮುಳುಗಿದ ಮರಗಳ ಕಾಡೇ ಇದೆ. ಮೊದಲ ದಿನವೇ ಅಲ್ಲಿಗೆ ಹೋದರೆ ಮೀನಿಗಿಂತ ಕೊಂಬೆ ಹೆಚ್ಚು ಸಿಗುತ್ತದೆ. ರೇ ಹಬ್ಬರ್ಡ್‌ನಂಥ ಬಯಲು ಜಲಾಶಯದಲ್ಲಿ 15ರಿಂದ 20 ಅಡಿ ನೀರಿನ ಸಮತಟ್ಟು ಜಾಗ, ಹಳೆಯ ತೊರೆಯ ಪಾತ್ರದ ಅಂಚು ಹುಡುಕಿ.

ಎಳೆಯುವ ವೇಗ ಗಂಟೆಗೆ 1.5 ಮೈಲಿಯಿಂದ ಶುರು ಮಾಡಿ. ನಡು ಬೇಸಿಗೆಯಲ್ಲಿ 1.8, 2.0ರವರೆಗೂ ಏರಿಸಬಹುದು. ದೋಣಿ ಆ ವೇಗ ಹಿಡಿದ ಮೇಲೆಯೇ ಬೈಟು ಬಿಡಿ, ಒಂದೊಂದಾಗಿ, ಹೆಬ್ಬೆರಳನ್ನು ದಾರ ಸುತ್ತಿದ ಸ್ಪೂಲಿನ ಮೇಲಿಟ್ಟು. ನಿಂತ ದೋಣಿಯಿಂದ ಎಸೆದರೆ ಸುತ್ತಿಕೊಳ್ಳುತ್ತದೆ. ಬಿಡುವ ಮುನ್ನ ಪ್ರತಿ ಬೈಟನ್ನೂ ದೋಣಿಯ ಪಕ್ಕದಲ್ಲಿ ನಾಲ್ಕು ಅಡಿ ದಾರದಲ್ಲಿ ಎಳೆದು, ನೇರ ಓಡುತ್ತದೆಯೇ ನೋಡಿ.

ಇನ್ನೊಂದು ಲೆಕ್ಕ ಹೊಸಬರಿಗೆ ತಪ್ಪುತ್ತದೆ. 1.5 ಮೈಲಿ ವೇಗ ಅಂದರೆ ಸೆಕೆಂಡಿಗೆ 2.2 ಅಡಿ. ಬೈಟು 100 ಅಡಿ ಹಿಂದಿದ್ದರೆ ನೀವು ದಾಟಿದ ಜಾಗಕ್ಕೆ ಅದು ಬರುವುದು 45 ಸೆಕೆಂಡಿನ ನಂತರ. ಮೀನು ಕಚ್ಚಿದ ಕ್ಷಣ ಜಿಪಿಎಸ್‌ನಲ್ಲಿ ಗುರುತು ಹಾಕಿದರೆ ಆ ಗುರುತು ಮೀನಿನಿಂದ 100 ಅಡಿ ಮುಂದೆ ಇರುತ್ತದೆ. ಮರಳಿ ಬರುವಾಗ ಅದನ್ನು ಕಳೆದು ನೋಡಿ. ಅದೇ ಲೆಕ್ಕದಲ್ಲಿ, ನೀರಿನೊಳಗಿನ ಮೀನನ್ನು ತೋರಿಸುವ ಸೋನಾರ್‌ನಲ್ಲಿ ಹಿಂಡು ಕಂಡ ಕೂಡಲೇ ದೋಣಿ ತಿರುಗಿಸಬೇಡಿ, ಬೈಟು ಅಲ್ಲಿಗೆ ಇನ್ನೂ ಬಂದೇ ಇಲ್ಲ.

ಪ್ರಶ್ನೆ: ನಾವಿಬ್ಬರು ಎಂಟು ಕೋಲು ಹಾಕುತ್ತೇವೆ. ಎಂಟರಲ್ಲೂ ಒಂದೇ ಬೈಟು, ಒಂದೇ ಬಣ್ಣ, ಕೌಂಟರಿನಲ್ಲಿ ಎಲ್ಲದಕ್ಕೂ 100 ಅಡಿ. ಆದರೂ ಎರಡು ಕೋಲಿಗೆ ಮಾತ್ರ ಮೀನು ಬೀಳುತ್ತದೆ, ಉಳಿದ ಆರು ಸುಮ್ಮನೆ ಈಜುತ್ತವೆ. ಮಿಸ್ಸಿಸ್ಸಿಪ್ಪಿಯ ಗ್ರೆನಡಾ, ಸಾರ್ಡಿಸ್ ಜಲಾಶಯ ಎರಡು ಕಡೆಯೂ ಇದೇ ಕತೆ. (ಮೆಂಫಿಸ್, ಟೆನೆಸೀ)

ಉತ್ತರ: ಎಂಟು ಕೋಲಿನಲ್ಲೂ 100 ಇದೆ ಎಂದು ಹೇಳುತ್ತಿರುವುದು ಕೌಂಟರು. ಅದು ಅಳೆಯುವುದು ದಾರವನ್ನಲ್ಲ, ಸ್ಪೂಲು ಎಷ್ಟು ಸುತ್ತು ತಿರುಗಿತು ಎಂಬುದನ್ನು. ತುಂಬಿದ ಸ್ಪೂಲು ಒಂದು ಸುತ್ತಿಗೆ ಬಿಡುವಷ್ಟು ದಾರವನ್ನು ಅರ್ಧ ಖಾಲಿಯಾದ ಸ್ಪೂಲು ಬಿಡುವುದಿಲ್ಲ. ಕೊಂಬೆಗೆ ಸಿಕ್ಕಿ ದಾರ ಕಡಿದು ಕಡಿದು ಒಂದು ರೀಲಿನಲ್ಲಿ 60 ಅಡಿ ಕಡಿಮೆಯಾಗಿದ್ದರೆ, ಅಲ್ಲಿ ಕೌಂಟರು 100 ಎಂದಾಗ ನಿಜವಾಗಿ ಹೊರಗಿರುವುದು 90 ಇರಬಹುದು. ಬೈಟು ಅಷ್ಟೇ ಮೇಲೆ ಓಡುತ್ತದೆ, ಮೀನಿಗೂ ಬೈಟಿಗೂ ಭೇಟಿಯಾಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ಮನೆ ಹತ್ತಿರದ ಮೈದಾನದಲ್ಲಿ ಟೇಪು ಹಿಡಿದು ಸರಿಯಾಗಿ 100 ಅಡಿ ಅಳೆದು ಎರಡು ಗೂಟ ನೆಡಿ. ಒಂದು ಗೂಟದ ಹತ್ತಿರ ಕೋಲು ಹಿಡಿದು ನಿಂತು ಕೌಂಟರನ್ನು ಸೊನ್ನೆಗೆ ತನ್ನಿ, ದಾರದ ತುದಿಯನ್ನು ಇನ್ನೊಬ್ಬರು ಆಚೆ ಗೂಟಕ್ಕೆ ಒಯ್ಯಲಿ. ಕೌಂಟರು 108 ಎಂದರೆ ಆ ರೀಲಿಗೆ 100 ಅಂದರೆ 108. ಬಿಳಿ ಟೇಪಿನ ತುಂಡಿನ ಮೇಲೆ ಅದನ್ನು ಬರೆದು ರೀಲಿನ ಬೆನ್ನಿಗೆ ಅಂಟಿಸಿ. ಎಂಟೂ ರೀಲಿಗೆ ಅರ್ಧ ಗಂಟೆಯ ಕೆಲಸ. ದಾರ ಕಡಿದ ಪ್ರತಿ ಸಲ ಮತ್ತೆ ಅಳೆಯಿರಿ, ಇಲ್ಲವೇ ಎಂಟಕ್ಕೂ ಒಂದೇ ದಿನ ಹೊಸ ದಾರ, ಸ್ಪೂಲಿನ ಅಂಚಿಗೆ ಒಂದೇ ಮಟ್ಟಕ್ಕೆ ಸುತ್ತಿ.

ಅಷ್ಟಾದ ಮೇಲೂ ಎಂಟಕ್ಕೂ 100 ಅಡಿ ಬಿಡುವುದು ನಷ್ಟದ ಬಾಬತ್ತು. ಮೀನು ಯಾವ ಆಳದಲ್ಲಿದೆ ಎಂದು ಗೊತ್ತಾಗುವವರೆಗೆ ಒಂದೊಂದಕ್ಕೆ ಒಂದೊಂದು ಅಳತೆ ಕೊಡಿ: ಪ್ರತಿ ಬದಿಯಲ್ಲೂ ಒಳಗಿನಿಂದ ಹೊರಕ್ಕೆ 60, 80, 100, 120. ಯಾವುದಕ್ಕೆ ಎರಡು ಸಲ ಬಿತ್ತೋ ಉಳಿದವನ್ನು ಅದರ ಆಸುಪಾಸಿಗೆ ತನ್ನಿ. ಎರಡು ಸಲ ಎಂದೆವು, ಒಂದು ಸಲ ಅಲ್ಲ. ಒಂಟಿ ಮೀನು ದಾರಿ ತಪ್ಪಿಸುತ್ತದೆ.

ವೇಗ ಸರಿಯಿದೆಯೇ ಎಂದು ಕಂಡುಕೊಳ್ಳಲು ಮೋಟಾರಿನ ಗುಂಡಿ ಮುಟ್ಟಬೇಕಿಲ್ಲ. ದೋಣಿಯನ್ನು ಹಾವಿನ ಹಾಗೆ ಸೊಟ್ಟ ಓಡಿಸಿ. ಎಡಕ್ಕೆ ತಿರುಗುವಾಗ ಎಡಗಡೆಯ ಬೈಟುಗಳು ಸಣ್ಣ ವೃತ್ತದಲ್ಲಿ ನಿಧಾನವಾಗಿ ಸುತ್ತುತ್ತವೆ, ಸ್ವಲ್ಪ ಮೇಲೇಳುತ್ತವೆ. ಬಲಗಡೆಯವು ದೊಡ್ಡ ವೃತ್ತ ಸುತ್ತಬೇಕಾದ್ದರಿಂದ ಓಡುತ್ತವೆ. ತಿರುವಿನಲ್ಲಿ ಒಳಗಿನ ಕೋಲು ಬಾಗಿದರೆ ವೇಗ ಇಳಿಸಿ, ಹೊರಗಿನದು ಬಾಗಿದರೆ ಏರಿಸಿ. ಒಂದು ಸಲಕ್ಕೆ 0.1 ಮೈಲಿ ಸಾಕು. ತಿರುವು ಮಾತ್ರ ದೊಡ್ಡದಿರಲಿ, ನೂರಡಿ ಹಿಂದೆ ಬೈಟುಗಳಿವೆ ಎಂಬುದು ನೆನಪಿರಲಿ. ಯು ಆಕಾರದಲ್ಲಿ ಗಕ್ಕನೆ ತಿರುಗಿದವರು ಆಮೇಲೆ ಒಂದು ಗಂಟೆ ಗಂಟು ಬಿಡಿಸುತ್ತಾ ಕೂರುತ್ತಾರೆ.

ಅಂದಹಾಗೆ ಗ್ರೆನಡಾ, ಸಾರ್ಡಿಸ್, ಈನಿಡ್, ಆರ್ಕಬಟ್ಲಾ ನಾಲ್ಕೂ ಪ್ರವಾಹ ತಡೆಯಲು ಕಟ್ಟಿದ ಜಲಾಶಯಗಳು. ನೀರಿನ ಮಟ್ಟ ವರ್ಷದುದ್ದಕ್ಕೂ ಏರಿಳಿಯುತ್ತದೆ. ಹೋದ ತಿಂಗಳು 100 ಅಡಿಗೆ ಮೀನು ಬಿದ್ದ ಜಾಗದಲ್ಲಿ ಈ ತಿಂಗಳು ಬೈಟು ಕೆಸರು ಉಳುತ್ತಿರಬಹುದು. ಹೊರಡುವ ಮುನ್ನ ನೀರಿನ ಮಟ್ಟ ನೋಡಿಕೊಳ್ಳಿ. ಕೋಲುಗಳ ಸಂಖ್ಯೆ, ಮೀನಿನ ಉದ್ದದ ನಿಯಮಗಳನ್ನೂ ಆಯಾ ಜಲಾಶಯಕ್ಕೆ ಪ್ರತ್ಯೇಕವಾಗಿ ನೋಡಿ.

ಪ್ರಶ್ನೆ: ಯಾವ ಬಣ್ಣ ಒಳ್ಳೆಯದು? ಅಂಗಡಿಯಲ್ಲಿ ಐವತ್ತು ಬಣ್ಣ ಇವೆ. (ಹ್ಯೂಸ್ಟನ್)

ಉತ್ತರ: ಕೆಸರು ನೀರಿಗೆ ಗಾಢ ಗುಲಾಬಿ, ಕಿತ್ತಳೆ, ಗಿಳಿಹಸಿರು. ತಿಳಿನೀರಿಗೆ ಬಿಳಿ, ಬೆಳ್ಳಿ. ಉಳಿದ ನಲವತ್ತೈದು ಬಣ್ಣ ಹಿಡಿಯುವುದು ಮೀನನ್ನಲ್ಲ, ಗಿರಾಕಿಯನ್ನು. ಆಳ ಮತ್ತು ವೇಗ ಕೂಡಿಬಂದ ಮೇಲೆ ಮಾತ್ರ ಬಣ್ಣ ಬದಲಿಸಿ ನೋಡುವುದರಲ್ಲಿ ಅರ್ಥವಿದೆ.

ಪ್ರಶ್ನೆ: ಮೀನು ಸಿಗುತ್ತದೆ, ದೋಣಿಯ ಹತ್ತಿರ ಬಂದು ತಪ್ಪಿಸಿಕೊಳ್ಳುತ್ತದೆ. ಹತ್ತರಲ್ಲಿ ಐದು ಹೀಗೆ ಹೋಗುತ್ತವೆ. ಕೊಕ್ಕೆ ಹರಿತವಾಗಿಯೇ ಇದೆ. (ಅಟ್ಲಾಂಟಾ)

ಉತ್ತರ: ನೀವು ಕೋಲನ್ನು ಜಗ್ಗುತ್ತಿದ್ದೀರಿ ಎಂದು ನಮ್ಮ ಊಹೆ. ಕ್ರ್ಯಾಪಿಯ ತುಟಿಯ ಪಕ್ಕದ ಚರ್ಮ ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳು. ದೋಣಿ ಓಡುತ್ತಿರುವುದರಿಂದ ಕೊಕ್ಕೆ ತಾನಾಗಿಯೇ ನಾಟಿರುತ್ತದೆ. ಆಮೇಲೆ ನೀವು ಎಳೆದ ಪ್ರತಿ ಜಗ್ಗಿಗೂ ಆ ತೂತು ದೊಡ್ಡದಾಗುತ್ತದೆ, ದೋಣಿಯ ಹತ್ತಿರ ಮೀನು ತಲೆ ಕೊಡವಿದಾಗ ಕೊಕ್ಕೆ ಜಾರಿ ಬೀಳುತ್ತದೆ.

ಕೋಲನ್ನು ಹೋಲ್ಡರಿನಿಂದ ಮೆಲ್ಲಗೆ ಎತ್ತಿ, ಬಾಗಿದ್ದು ಬಾಗಿದ ಹಾಗೆಯೇ ಇರಲಿ, ಒಂದೇ ಹದದಲ್ಲಿ ಸುತ್ತಿ. ದೋಣಿ ನಿಲ್ಲಿಸಬೇಡಿ. ನಿಲ್ಲಿಸಿದರೆ ದಾರ ಸಡಿಲವಾಗುತ್ತದೆ, ಜೊತೆಗೆ ಉಳಿದ ಬೈಟುಗಳೆಲ್ಲ ಮೇಲೆದ್ದು ಒಂದಕ್ಕೊಂದು ತಳಕು ಹಾಕಿಕೊಳ್ಳುತ್ತವೆ. ತೀರ ದೊಡ್ಡ ಮೀನು ಎನಿಸಿದರೆ ವೇಗವನ್ನು 1 ಮೈಲಿಗೆ ಇಳಿಸಿ, ಅಷ್ಟೇ. ರೀಲಿನ ಡ್ರ್ಯಾಗು (ದಾರ ಜಾರಲು ಬಿಡುವ ತಡೆ) ಬೈಟಿನ ಎಳೆತಕ್ಕೆ ಜಾರದಷ್ಟು ಬಿಗಿ, ಕೈಯಲ್ಲಿ ಎಳೆದರೆ ಸರ್ರನೆ ಬಿಡುವಷ್ಟು ಸಡಿಲ ಇರಲಿ. ಮೀನನ್ನು ದಾರದಿಂದ ಎತ್ತಿ ದೋಣಿಗೆ ಹಾಕುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಎಂಟು ಅಡಿ ಹಿಡಿಕೆಯ ಬಲೆ ಇಟ್ಟುಕೊಳ್ಳಿ. ಬಲೆಯನ್ನು ಮೀನಿನ ಹಿಂದೆ ಓಡಿಸಬೇಡಿ, ಮುಂದೆ ನೀರಿನಲ್ಲಿ ಮುಳುಗಿಸಿ ಹಿಡಿದು ಮೀನನ್ನೇ ಅದರೊಳಗೆ ತನ್ನಿ. ರಬ್ಬರು ಲೇಪದ ಬಲೆಯಾದರೆ ಮುಕ್ಕೊಕ್ಕೆ ಸಿಕ್ಕಿಕೊಳ್ಳುವುದು ಕಡಿಮೆ.

ಕಚ್ಚಿದ್ದು ಗೊತ್ತಾಗುವುದು ಹೇಗೆ ಎಂದೂ ಕೆಲವರು ಕೇಳಿದ್ದಾರೆ. ಬೈಟು ಸರಿಯಾಗಿ ಓಡುತ್ತಿದ್ದರೆ ಕೋಲಿನ ತುದಿ ಸಣ್ಣಗೆ, ಬಿಡದೆ ನಡುಗುತ್ತಿರುತ್ತದೆ. ಆ ನಡುಕವನ್ನೇ ನೋಡುತ್ತಿರಿ. ತುದಿ ಹಿಂದಕ್ಕೆ ಬಾಗಿ ಕುಕ್ಕಿದರೆ ಮೀನು, ಅದು ಎಲ್ಲರಿಗೂ ತಿಳಿಯುತ್ತದೆ. ತುದಿ ನೆಟ್ಟಗಾಗಿ ನಡುಕ ನಿಂತರೂ ಮೀನೇ ಇರಬಹುದು, ಬೈಟು ಕಚ್ಚಿಕೊಂಡು ದೋಣಿಯ ಕಡೆಗೇ ಬರುತ್ತಿರುತ್ತದೆ, ಬೇಗ ಸುತ್ತಿ. ತುದಿ ಸ್ವಲ್ಪ ಬಾಗಿ ನಡುಕ ಮಂಕಾದರೆ ಎಲೆಯೋ ಪಾಚಿಯೋ ಸಿಕ್ಕಿದೆ. ಎಲೆ ಸಿಕ್ಕ ಬೈಟಿಗೆ ಕ್ರ್ಯಾಪಿ ಮೂಸಿಯೂ ನೋಡುವುದಿಲ್ಲ, ಎಳೆದು ತೆಗೆದು ಮತ್ತೆ ಬಿಡಿ.

ಪ್ರಶ್ನೆ: ಒಂದು ಬೈಟು ಯಾವಾಗಲೂ ಬಲಕ್ಕೆ ಹೋಗಿ ಪಕ್ಕದ ದಾರಕ್ಕೆ ಸುತ್ತಿಕೊಳ್ಳುತ್ತದೆ. ಎಸೆದುಬಿಡಬೇಕೇ? (ಷಾರ್ಲಟ್, ನಾರ್ತ್ ಕ್ಯಾರೊಲಿನಾ)

ಉತ್ತರ: ಬೇಡ. ಬೈಟಿನ ಬಾಲ ನಿಮ್ಮ ಕಡೆ, ಮೂತಿ ಆಚೆ ಇರುವಂತೆ ಹಿಡಿಯಿರಿ. ದಾರ ಕಟ್ಟುವ ತಂತಿಯ ಕಣ್ಣನ್ನು ಸಣ್ಣ ಇಕ್ಕಳದಲ್ಲಿ ಎಡಕ್ಕೆ ಒಂದು ಕೂದಲೆಳೆಯಷ್ಟು ಬಗ್ಗಿಸಿ, ಯಾವ ಕಡೆ ಹೋಗಬೇಕೋ ಆ ಕಡೆಗೆ. ನೀರಿಗೆ ಬಿಟ್ಟು ನೋಡಿ, ಸಾಲದಿದ್ದರೆ ಇನ್ನೊಂದಿಷ್ಟು. ಕಣ್ಣನ್ನು ತಿರುಚಬೇಡಿ, ಬುಡ ಸಡಿಲವಾಗಿ ಬೈಟಿನೊಳಗೆ ನೀರು ಇಳಿಯುತ್ತದೆ. 1.5ರಲ್ಲಿ ನೇರ ಓಡಿದ್ದು 2ರಲ್ಲಿ ಸೊಟ್ಟ ಹೋಗಬಹುದು, ಆದ್ದರಿಂದ ನೀವು ಎಳೆಯುವ ವೇಗಕ್ಕಿಂತ ತುಸು ಹೆಚ್ಚಿನಲ್ಲೇ ಪರೀಕ್ಷಿಸಿ. ಕೊಕ್ಕೆ ಬದಲಿಸಿದವರು ಎಲ್ಲ ಕಡೆ ಒಂದೇ ಅಳತೆ ಹಾಕಿದ್ದೀರಾ ಎಂದೂ ನೋಡಿಕೊಳ್ಳಿ.

ಪ್ರಶ್ನೆ: ಬೆಳಗ್ಗೆ ಆರಕ್ಕೆ ಶುರು ಮಾಡಿದರೆ ಒಂಬತ್ತಕ್ಕೆ ಬ್ಯಾಟರಿ ಸತ್ತುಹೋಗುತ್ತದೆ. (ನ್ಯಾಶ್‌ವಿಲ್)

ಉತ್ತರ: 100 ಆಂಪಿಯರ್ ಅವರ್‌ನ ಸೀಸ ಆಮ್ಲ ಬ್ಯಾಟರಿಯಲ್ಲಿ ಅರ್ಧದಷ್ಟೇ ನಿಮ್ಮದು, ಅದಕ್ಕಿಂತ ಇಳಿಸಿದರೆ ಆಯಸ್ಸು ಕಡಿಮೆಯಾಗುತ್ತದೆ. ಮೋಟಾರು 20 ಆಂಪಿಯರ್ ಎಳೆದರೆ ಎರಡೂವರೆ ಗಂಟೆ. ಲೆಕ್ಕ ಸರಿಯಾಗಿಯೇ ಇದೆ! ಲಿಥಿಯಂ ಬ್ಯಾಟರಿ ಹಾಕಿಸಿ, ಇಲ್ಲವೇ ಗಾಳಿಯ ಜೊತೆಗೆ ಎಳೆದು, ಎದುರುಗಾಳಿಯಲ್ಲಿ ದಾರ ಸುತ್ತಿಕೊಂಡು ದೊಡ್ಡ ಎಂಜಿನ್‌ನಲ್ಲಿ ಮರಳಿ ಬನ್ನಿ. ಅಣೆಕಟ್ಟಿನಿಂದ ನೀರು ಬಿಡುವ ಕೆಂಟಕಿ ಲೇಕ್‌ನಂಥ ಕಡೆ ಇನ್ನೊಂದು ವಿಷಯ: ಜಿಪಿಎಸ್ ತೋರಿಸುವುದು ನೆಲದ ಮೇಲಿನ ವೇಗ. ಹರಿವಿನ ಜೊತೆಗೆ ಹೋಗುವಾಗ ಬೈಟಿಗೆ ತಾಗುವ ವೇಗ ಅದಕ್ಕಿಂತ ಕಡಿಮೆ, ಎದುರಿಗೆ ಹೋಗುವಾಗ ಹೆಚ್ಚು. ಒಂದು ದಿಕ್ಕಿನಲ್ಲಿ ಮಾತ್ರ ಮೀನು ಬೀಳುತ್ತಿದ್ದರೆ ಕಾರಣ ಇದು. ಸಂಖ್ಯೆ ಬಿಟ್ಟು ಕೋಲಿನ ತುದಿಯ ನಡುಕವನ್ನು ಎರಡೂ ದಿಕ್ಕಿಗೆ ಸಮ ಮಾಡಿ.

ಪ್ರಶ್ನೆ: ಮಿನೆಸೋಟದಲ್ಲಿ ಎಷ್ಟು ಕೋಲು ಹಾಕಬಹುದು? (ಮಿನಿಯಾಪೊಲಿಸ್)

ಉತ್ತರ: ಹಿಮ ಇಲ್ಲದ ಕಾಲದಲ್ಲಿ ತಲೆಗೆ ಒಂದೇ. ಮೇಲೆ ಬರೆದ ಅರ್ಧ ನಿಮಗೆ ಉಪಯೋಗವಿಲ್ಲ ಎಂದು ಬೇಸರ ಬೇಡ. ಒಂದೇ ಕೋಲನ್ನು ಕೈಯಲ್ಲಿ ಹಿಡಿದು ಎಳೆದರೆ ಬೈಟಿನ ನಡುಕ ನೇರ ಅಂಗೈಗೇ ಬರುತ್ತದೆ. ಮಿಶಿಗನ್‌ನವರಿಗೆ ಮೂರು. ಟೆಕ್ಸಸ್‌ನಲ್ಲಿ ಸಾಮಾನ್ಯ ನಿಯಮ 10 ಇಂಚಿಗಿಂತ ಚಿಕ್ಕ ಕ್ರ್ಯಾಪಿಯನ್ನು ಇಟ್ಟುಕೊಳ್ಳುವಂತಿಲ್ಲ, ದಿನಕ್ಕೆ 25.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಒಂದು ಡಬ್ಬ ಕ್ರ್ಯಾಂಕ್‌ಬೈಟ್ ತಂದುಕೊಟ್ಟಿದ್ದಾನೆ. ನಮ್ಮೂರ ಕೆರೆಯಲ್ಲಿ ಕೊರವ ಮೀನಿಗೆ ಎಳೆಯಬಹುದೇ? (ಮಂಡ್ಯ ಜಿಲ್ಲೆ)

ಉತ್ತರ: ಕ್ರ್ಯಾಪಿ ನಮ್ಮಲ್ಲಿಲ್ಲ. ಕೊರವ ಇರುವುದು ಜೊಂಡು, ತಾವರೆ ಎಲೆಗಳ ಸಂದಿಯಲ್ಲಿ. ಎರಡು ಮುಕ್ಕೊಕ್ಕೆ ನೇತಾಡುವ ಬೈಟು ಅಲ್ಲಿ ಹತ್ತು ಅಡಿ ಎಳೆಯುವುದರೊಳಗೆ ಒಂದು ಹೊರೆ ಸೊಪ್ಪು ತರುತ್ತದೆ. ಅಲ್ಲಿಗೆ ಕೊಕ್ಕೆ ಮುಚ್ಚಿದ ರಬ್ಬರು ಕಪ್ಪೆಯೇ ಸರಿ. ಕೆರೆಯ ಮೀನಿನ ಹಕ್ಕನ್ನು ಯಾರಾದರೂ ಗುತ್ತಿಗೆ ಹಿಡಿದಿರುತ್ತಾರೆ, ಅವರನ್ನು ಕೇಳದೆ ಗಾಳ ಹಾಕಬೇಡಿ.

ಪ್ರಶ್ನೆ: ಆಗಸ್ಟ್‌ನಲ್ಲಿ ಸೋನಾರ್ 18 ಅಡಿಯಲ್ಲಿ ಮೀನು ತೋರಿಸುತ್ತದೆ. ಬ್ಯಾಂಡಿಟ್ 300 ಅನ್ನು 200 ಅಡಿ ಬಿಟ್ಟರೂ ಅಷ್ಟು ಆಳಕ್ಕೆ ಹೋಗುವುದಿಲ್ಲ. 25 ಅಡಿಯಲ್ಲೂ ಏನೋ ಕಾಣುತ್ತದೆ. (ಲಿಟಲ್ ರಾಕ್, ಆರ್ಕನ್ಸಾ)

ಉತ್ತರ: ದಾರ ಹೆಚ್ಚು ಬಿಟ್ಟಷ್ಟೂ ಬೈಟು ಇಳಿಯುತ್ತಲೇ ಹೋಗುವುದಿಲ್ಲ. ದಾರದ ಮೇಲೇ ನೀರಿನ ಒತ್ತಡ ಬಿದ್ದು ಒಂದು ಹಂತದಲ್ಲಿ ಅದು ಬೈಟನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಕೊನೆಯ 80 ಅಡಿ ನಿಮಗೆ ಆಳ ಕೊಟ್ಟಿರುವುದು ಅತ್ಯಲ್ಪ, ಗೋಜಲು ಕೊಟ್ಟಿರುವುದು ಬಹಳ.

ಸುಲಭದ ದಾರಿ ಸೀಸ. ಬೈಟಿನಿಂದ ಮೂರು ಅಡಿ ಮುಂದೆ ಒಂದು ಔನ್ಸಿನ, ಎರಡೂ ತುದಿಗೆ ಕಣ್ಣಿರುವ ಗುಂಡು ಕಟ್ಟಿ. ಸಾಲದಿದ್ದರೆ ಎರಡು ಔನ್ಸು. ಎಷ್ಟು ಆಳಕ್ಕೆ ಹೋಯಿತು ಎಂದು ಯಾವ ಪಟ್ಟಿಯನ್ನೂ ನಂಬಬೇಡಿ, ನೆಲವನ್ನೇ ಕೇಳಿ: 18 ಅಡಿ ನೀರಿನ, ಕೊಂಬೆಗಳಿಲ್ಲದ ಗಟ್ಟಿ ತಳದ ಜಾಗದಲ್ಲಿ ನಿಮ್ಮ ವೇಗದಲ್ಲೇ ಎಳೆಯುತ್ತಾ ಐದೈದು ಅಡಿ ದಾರ ಬಿಡುತ್ತಾ ಹೋಗಿ. ಕೋಲಿನ ನಡುಕದ ನಡುವೆ ಟಕ್ ಟಕ್ ಎಂದು ಒರಟು ಬಡಿತ ಬಂದ ಕೂಡಲೇ ಕೌಂಟರು ನೋಡಿ ಬರೆದುಕೊಳ್ಳಿ. ಆ ಬೈಟು, ಆ ಸೀಸ, ಆ ವೇಗಕ್ಕೆ 18 ಅಡಿ ಅಂದರೆ ಅಷ್ಟು. ನಡುವೆ ಸೀಸದ ಎಳೆ ಇರುವ ಲೆಡ್‌ಕೋರ್ ದಾರ ಇನ್ನೊಂದು ದಾರಿ. ಅದರ ಬಣ್ಣ ಪ್ರತಿ 30 ಅಡಿಗೆ ಬದಲಾಗುತ್ತದೆ, ಒಂದು ಬಣ್ಣ ಬಿಟ್ಟರೆ ಈ ವೇಗದಲ್ಲಿ ಸುಮಾರು ಐದು ಅಡಿ ಇಳಿಯುತ್ತದೆ. ಆದರೆ ದಪ್ಪ ದಾರ, ದೊಡ್ಡ ರೀಲು ಬೇಕು. ಶುರುವಿಗೆ ಸೀಸವೇ ಲೇಸು.

ಬೈಟನ್ನು ಮೀನಿನ ಮಟ್ಟಕ್ಕೇ ಇಳಿಸಬೇಡಿ, ಒಂದೆರಡು ಅಡಿ ಮೇಲೆಯೇ ಓಡಿಸಿ. ಕ್ರ್ಯಾಪಿಯ ಕಣ್ಣು ಮೇಲ್ಮುಖ, ತಿನ್ನಲು ಮೇಲೇಳುತ್ತದೆ. ಕೆಳಗೆ ಹೋದ ಬೈಟನ್ನು ಹುಡುಕಿಕೊಂಡು ಇಳಿಯುವುದು ಅಪರೂಪ.

25 ಅಡಿಯಲ್ಲಿ ಕಂಡದ್ದರ ಬಗ್ಗೆ: ಸೋನಾರಿನ ಸೆನ್ಸಿಟಿವಿಟಿ ಏರಿಸಿ. ಎಲ್ಲೋ 18, 20 ಅಡಿಯ ಹತ್ತಿರ ತೆರೆಯ ಉದ್ದಕ್ಕೂ ಧೂಳಿನ ಗೆರೆಯಂಥದ್ದು ಕಂಡರೆ ಅದು ಥರ್ಮೋಕ್ಲೈನ್, ಮೇಲಿನ ಬಿಸಿ ನೀರು ಕೆಳಗಿನ ತಣ್ಣೀರಿನ ಜೊತೆ ಬೆರೆಯದೆ ನಿಂತ ಗಡಿ. ಬೇಸಿಗೆ ಕೊನೆಗೆ ಅದರ ಕೆಳಗೆ ಆಮ್ಲಜನಕ ಮುಗಿದಿರುತ್ತದೆ. ಅಲ್ಲಿ ಕಾಣುವುದು ಮುಳುಗಿದ ಮರದ ತುದಿಯೋ ತಳದ ಕೊಳೆಯಿಂದ ಏಳುವ ಗಾಳಿಗುಳ್ಳೆಯೋ ಇರಬಹುದು, ಕ್ರ್ಯಾಪಿಯಂತೂ ಅಲ್ಲಿ ಉಸಿರಾಡಲಾರದು. ಅದು ಗೆರೆಯ ಮೇಲೆ ಒತ್ತಾಗಿ ಸಾಲುಗಟ್ಟಿರುತ್ತದೆ. ಗೆರೆ 18ಕ್ಕಿದ್ದರೆ ಬೈಟನ್ನು 14, 15, 16ಕ್ಕೆ ಓಡಿಸಿ, 25ರ ಆಸೆ ಬಿಡಿ. ಗಾಳಿ ಜೋರಾಗಿ ಬೀಸುವ, ಆಳವಿಲ್ಲದ ಜಲಾಶಯಗಳಲ್ಲಿ ಈ ಗೆರೆ ಮೂಡದೆಯೂ ಇರಬಹುದು.

ಅಷ್ಟು ಆಳದಿಂದ, ಅದೂ ಆಗಸ್ಟಿನ ಬಿಸಿನೀರಿನಲ್ಲಿ ಎಳೆದು ತಂದ ಸಣ್ಣ ಮೀನನ್ನು ಮರಳಿ ಬಿಟ್ಟರೂ ಬದುಕುವ ಖಾತ್ರಿ ಇಲ್ಲ. ನಿಮ್ಮ ಮಿತಿಯಷ್ಟು ಸಿಕ್ಕ ಮೇಲೆ ಆಟಕ್ಕೆಂದು ಎಳೆಯುವುದನ್ನು ನಿಲ್ಲಿಸಿ, ಹಿಡಿದದ್ದನ್ನು ಕೂಡಲೇ ಐಸಿಗೆ ಹಾಕಿ. ಬಿಸಿಲಿನ ಬಕೆಟ್ಟಿನಲ್ಲಿ ಒಂದು ಗಂಟೆ ಇಟ್ಟ ಕ್ರ್ಯಾಪಿಯ ಮಾಂಸ ರವೆ ಹಚ್ಚಿ ಕರಿಯುವಾಗ ಬಾಣಲೆಯಲ್ಲೇ ಪುಡಿಯಾಗುತ್ತದೆ.